ಒಂದೇ ಸಾಲಿನಲ್ಲಿ ಎರಡು ಹೆಸರು

ಅಕ್ಟೋಬರ್ 3, ಶುಕ್ರವಾರ

ಎಂದಿನಂತೆ ಹೋಟೆಲಿನಲ್ಲಿ ಶುಕ್ರವಾರದ ಮೀನೂಟ. ಒಬ್ಬಳೇ. ವರ್ಲಿನ್ ತೀರಿಹೋಗಿ ಮೂರು ತಿಂಗಳಾದರೂ ವೇಟ್ರೆಸ್ ಎರಡು ಬಿಯರ್ ತಂದಿಟ್ಟಳು. ಎರಡನ್ನೂ ಕುಡಿದೆ.

ಬ್ಯಾಂಕಿನಿಂದ ಫೋನ್. ವರ್ಲಿನ್ ತನ್ನ ನಿವೃತ್ತಿ ಖಾತೆಗೆ ನನ್ನನ್ನೇ ವಾರಸುದಾರಳನ್ನಾಗಿ ಮಾಡಿದ್ದಾನಂತೆ! ಇಪ್ಪತ್ತು ವರ್ಷ ರಸ್ತೆಯ ಆಚೆ ಅವನ ಮನೆ, ಈಚೆ ನನ್ನದು. ದಿನಾ ಸಂಜೆ ಇಸ್ಪೀಟು. ವರ್ಷಕ್ಕೊಮ್ಮೆ "ಮದುವೆ ಆಗೋಣ್ವಾ, ಆರ್ಡಿಸ್?" ನಾನು "ನೋಡೋಣ." ಅಷ್ಟು ಮಾತಾಡುವವನು ಇದನ್ನು ಯಾಕೆ ಬಾಯಿಬಿಡಲಿಲ್ಲ?

ಅಕ್ಟೋಬರ್ 4

ತಂಗಿಯ ಮಗಳು ಡಾರ್ಲಾ ಬಂದಿದ್ದಳು.

"ಆ ದುಡ್ಡು ಪೂರ್ತಿ ತೆಗೆದುಬಿಡಿ ಆಂಟಿ. ಛಾವಣಿ ಸೋರ್ತಿದೆ, ಅಡುಗೆಮನೇಲಿ ಬಕೆಟ್ ಇಟ್ಕೊಂಡು ಕೂತಿದೀರ."

"ನಿನಗೇನೇ ಆತುರ?"

"ಬಕೆಟ್ ಚೆಲ್ಲೋಕೆ ನನ್ನನ್ನೇ ಕರೀತೀರಲ್ಲ, ಅದಕ್ಕೆ!"

ಅದೂ ನಿಜ. ಸೋಮವಾರ ಬ್ಯಾಂಕಿಗೆ.

ಅಕ್ಟೋಬರ್ 6

ಬ್ಯಾಂಕಿನ ಪೌಲೆಟ್ ಚೆಕ್ ಬರೆಯುವುದರಲ್ಲಿದ್ದಳು. ಥಟ್ಟನೆ ನಿಲ್ಲಿಸಿದಳು.

"ನಿಮ್ಮ ವಯಸ್ಸೆಷ್ಟು?"

"ಹೆಂಗಸರನ್ನ ಹೀಗಾ ಕೇಳೋದು?"

"ಕಾನೂನು ಕೇಳ್ತಿದೆ, ನಾನಲ್ಲ."

ಅರವತ್ತೇಳು. ಅವನಿಗೆ ಎಪ್ಪತ್ತಾರು. ಸಾಮಾನ್ಯವಾಗಿ ವಾರಸುದಾರರು ಹತ್ತು ವರ್ಷದೊಳಗೆ ಖಾತೆ ಬರಿದು ಮಾಡಬೇಕಂತೆ. ಆದರೆ ಸತ್ತವರಿಗೂ ನಮಗೂ ಹತ್ತು ವರ್ಷಕ್ಕಿಂತ ಹೆಚ್ಚು ಅಂತರವಿಲ್ಲದಿದ್ದರೆ, ಹೆಂಡತಿ ಅಲ್ಲದಿದ್ದರೂ ಸರಿ, ನಮ್ಮ ಆಯಸ್ಸಿನ ಲೆಕ್ಕದಲ್ಲಿ ವರ್ಷವರ್ಷ ಸ್ವಲ್ಪಸ್ವಲ್ಪ ತೆಗೆಯಬಹುದು. ಒಟ್ಟಿಗೆ ತೆಗೆದರೆ ತೆರಿಗೆಯವರು ದೊಡ್ಡ ತುತ್ತು ನುಂಗುತ್ತಾರೆ. ಚೆಕ್ ಕೈಗೆ ಬಂದ ಮೇಲೆ ವಾಪಸ್ ಹಾಕುವಂತಿಲ್ಲ.

"ಅವರಿಗಿದೆಲ್ಲ ಗೊತ್ತಿತ್ತು" ಅಂದಳು. "ಇಲ್ಲೇ ಕೂತು ಕೇಳಿದ್ರು — 'ಅವಳು ಮದುವೆ ಬೇಡ ಅಂತಾಳೆ. ಆದ್ರೂ ಕೊನೇವರೆಗೂ ಅವಳಿಗೆ ಬರ್ತಾ ಇರ್ಬೇಕು, ಆಗುತ್ತಾ?' ಒಂಬತ್ತೇ ವರ್ಷದ ಅಂತರ, ಆಗುತ್ತೆ ಅಂದೆ. 'ನನ್ನನ್ನ ಮುದುಕ ಅಂತ ಆಡ್ಕೊಳ್ತಾಳೆ, ಈಗ ನೋಡಿ!' ಅಂತ ಎಷ್ಟು ನಕ್ಕರು ಗೊತ್ತಾ."

ಸ್ವಲ್ಪಸ್ವಲ್ಪ ತೆಗೆದರೆ ಖಾತೆ ಯಾರ ಹೆಸರಿಗೆ ಎಂದು ಕೇಳಿದೆ.

"ಇಬ್ಬರದೂ. ಅವರ ಹೆಸರು ಮುಂದೆ, ನಿಮ್ಮದು ಹಿಂದೆ. ಖಾತೆ ಇರೋವರೆಗೂ ಅವರ ಹೆಸರು ತೆಗೆಯೋ ಹಾಗಿಲ್ಲ."

ಚೆಕ್ ಈಗ ಬೇಡ ಎಂದು ಎದ್ದುಬಂದೆ.

ಅಕ್ಟೋಬರ್ 19, ಬೆಳಗಿನ ಜಾವ

ಸರೋವರದ ಕಡೆಯಿಂದ ಗಾಳಿ, ಮಳೆ. ಒಂದು ಬಕೆಟ್ ಸಾಲದೆ ಎರಡನೆಯದನ್ನೂ ಇಟ್ಟೆ. ವರ್ಷಕ್ಕೊಂದು ಚೂರು ಬಂದರೆ ಪೂರ್ತಿ ಛಾವಣಿ ಆಗುವುದಿಲ್ಲ. ಎದುರಿನ ಕತ್ತಲೆ ಮನೆ ನೋಡುತ್ತಾ ವರ್ಲಿನ್‌ನನ್ನು ಚೆನ್ನಾಗಿ ಬೈದೆ. ಸ್ವಲ್ಪ ಹಗುರವಾಯಿತು… ಇನ್ನೂ ತೀರ್ಮಾನವಿಲ್ಲ.

ಡಿಸೆಂಬರ್ 12

ಸಹಿ ಹಾಕಿದೆ. ಸ್ವಲ್ಪಸ್ವಲ್ಪವೇ ಸಾಕು. ಈ ವರ್ಷದ ಹಣಕ್ಕೆ ಅಡುಗೆಮನೆಯ ಮೇಲಿನ ಛಾವಣಿ ಮಾತ್ರ. ಉಳಿದದ್ದಕ್ಕೆ ಟಾರ್ಪಾಲು.

"ಅರ್ಧ ಛಾವಣಿನಾ? ನೋಡಿದವರು ನಗ್ತಾರೆ ಆಂಟಿ!"

"ನಗಲಿ ಬಿಡು. ಅವನೂ ನಗ್ತಿರ್ತಾನೆ."

ಡಿಸೆಂಬರ್ 22, ಸಂಜೆ

ಬ್ಯಾಂಕಿನ ಲಕೋಟೆ ಬಂತು. ಮೇಜಿನ ಮೇಲಿಟ್ಟು, ಕಾಫಿ ಮಾಡಿ, ಆಮೇಲೆ ಬಿಡಿಸಿದೆ. ವರ್ಲಿನ್ ಡೀಟ್ಸ್, ದಿವಂಗತ — ವಾರಸುದಾರಳು ಆರ್ಡಿಸ್ ಕೋಲ್. ನಾವಿಬ್ಬರೂ ಒಂದೇ ಸಾಲಿನಲ್ಲಿ. ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ಜೋರಾಗಿ ಓದಿದೆ. ಇನ್ನೊಮ್ಮೆ ಓದಿದೆ.

ಆಯ್ತು ಮಾರಾಯ, ಹೂಂ. ಹೂಂ ಅಂದೆ, ಕೇಳಿಸ್ತಾ? ಈಗ ಇಸ್ಪೀಟು ಹಂಚು.