ಖಾಲಿ ಪಿಸ್ತೂಲು

ಇಲೊಯ್ಲೊ
ಸೋಮವಾರ

ಅಪ್ಪನಿಗೆ,

ಶೂಟಿಂಗ್ ಸ್ಪರ್ಧೆಯ ತೀರ್ಪುಗಾರಳಾಗಿ ನಾನು ತೊಡುತ್ತಿದ್ದ ರೇಂಜ್ ಆಫೀಸರ್ ಕೆಂಪು ಅಂಗಿಯನ್ನೂ ಟೈಮರನ್ನೂ ಕ್ಲಬ್ಬಿಗೆ ವಾಪಸು ಕಳಿಸಿದ್ದೇನೆ. ಇನ್ನು ಮುಂದೆ ಯಾವ ಸ್ಪರ್ಧೆಗೂ ನನ್ನನ್ನು ಕರೆಯಬೇಡಿ.

ಶೂಟಿಂಗ್ ಮುಗಿದ ಮೇಲೆ ಸೇಫ್ಟಿ ಏರಿಯಾ ಬಿಟ್ಟು ಬೇರೆಲ್ಲೂ ಪಿಸ್ತೂಲು ಹೊರತೆಗೆಯಬಾರದು, ತೆಗೆದವನು ಅನರ್ಹ ಎಂದು ನನಗೆ ಕಲಿಸಿದವರೇ ನೀವು. ನಿನ್ನೆ ಸ್ಪರ್ಧೆಯ ಮಧ್ಯಾಹ್ನ ಕ್ಲಬ್ಬಿನ ಊಟದ ಮೇಜಿನಲ್ಲಿ, ಹಂದಿಯ ಜಿಡ್ಡು ಮೆತ್ತಿದ ಬೆರಳಲ್ಲೇ ಸೊಂಟದ ಹೊಸ ಪಿಸ್ತೂಲನ್ನು ಎಳೆದು ಉಪಮೇಯರ್ ಮುಂದೆ ಆಡಿಸಿದಿರಿ. ನೀವು ಅನರ್ಹ ಎಂದೆ.

"ಖಾಲಿ ಇದೆ ಕಣೇ. ಉಣ್ಣೋ ಹೊತ್ತಲ್ಲಿ ನಿನ್ನ ರೂಲ್ಸು ಬೇಡ," ಎಂದಿರಿ.

"ಅನುಭವಿಸು ರೊಮೂಲೊ, ಮಗಳನ್ನೇ ಆಫೀಸರ್ ಮಾಡಿದ್ಯಲ್ಲ," ಎಂದು ಆ ಮನುಷ್ಯ ಹಂದಿಯ ಚರ್ಮವನ್ನು ಕರುಂ ಕರುಂ ಅಗಿಯುತ್ತ ನಕ್ಕ.

ನೀವು ಪಿಸ್ತೂಲನ್ನು ನನ್ನ ಕೈಗೆ ತುರುಕಿ ಇನ್ನೊಂದು ತುಂಡಿಗೆ ಕೈ ಹಾಕಿದಿರಿ. ನಾನು ಅದನ್ನು ಒಯ್ದು, ಗುಂಡು ತಡೆಯುವ ಮಣ್ಣುದಿಬ್ಬದತ್ತ ಅದರ ಬಾಯಿ ತಿರುಗಿಸಿ ತೆರೆದು ನೋಡಿ ಬರುವಷ್ಟರಲ್ಲಿ, ಕ್ಲಬ್ಬಿನ ಅಧ್ಯಕ್ಷರಾದ ನೀವು ನನ್ನ ತೀರ್ಪನ್ನು ಹೊಡೆದುಹಾಕಿ ಆಗಿತ್ತು. ಸಂಜೆ ನಾಚಿಕೆಯಿಲ್ಲದೆ ಗೆದ್ದವರ ಕಪ್ಪನ್ನೂ ಎತ್ತಿಕೊಂಡಿರಿ.

ಪಿಸ್ತೂಲು ಕ್ಲಬ್ಬಿನ ಕಪಾಟಿನಲ್ಲಿದೆ. ಜಿಡ್ಡು ಒರೆಸಿಟ್ಟಿದ್ದೇನೆ. ಅದರೊಳಗಿದ್ದ ಗುಂಡು ಮಾತ್ರ ಅಲ್ಲಿಲ್ಲ. ನೀವು ಪಿಸ್ತೂಲು ಆಡಿಸುವಾಗ ಅದರ ಎದುರಿಗೆ ನಿಂತು ಅನ್ನ ಬಡಿಸುತ್ತಿದ್ದವಳು ಅಮ್ಮ. ಗುಂಡನ್ನು ಅವಳ ಕೈಗೆ ಕೊಟ್ಟಿದ್ದೇನೆ. ಬೇಕಾದರೆ ಅವಳನ್ನೇ ಕೇಳಿ ತೆಗೆದುಕೊಳ್ಳಿ.

ನಿಮ್ಮ ಮಗಳು,
ಮಾರಿವಿಕ್