ಹೊಟ್ಟೆಯ ಮೇಲಿನ ಗೆರೆ

ಬುಸಾನ್
ಮಾರ್ಚ್ 15, 1988

ಪ್ರೀತಿಯ ಅಮ್ಮಾ,

ನನ್ನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಆರನೇ ತರಗತಿಗೇ ನಿಂತುಹೋದ ಕೈ ಇದು, ತಪ್ಪಿದ್ದರೆ ಬೈಯಬೇಡ. ಹೇಗೂ ಓದಿ ಹೇಳುವವಳು ಮಿರಾನ್. ಅಕ್ಕನ ತಪ್ಪು ತಿದ್ದುವುದೆಂದರೆ ನನ್ನ ತಂಗಿಗೆ ಹಬ್ಬ. ಮಿರಾನ್, ಒಂದು ಸಾಲನ್ನೂ ಹಾರಿಸದೆ ಗಟ್ಟಿಯಾಗಿ ಓದು.

ಅಮ್ಮಾ, ನಿನ್ನ ಮಂಡಿನೋವು ಹೇಗಿದೆ? ಬೆಳ್ಳುಳ್ಳಿ ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳಬೇಡ, ಮಣೆ ಹಾಕಿಕೋ. ನೀನು ಕಳಿಸಿದ ಒಣ ಮಾಚಿಪತ್ರೆ ತಲುಪಿತು. ಅದರ ಕಷಾಯ ಕುಡಿಯುತ್ತಿದ್ದೇನೆ, ರುಚಿ ಮಾತ್ರ ಮೊದಲಿನಷ್ಟೇ ಕೆಟ್ಟದು.

ಹೊಸ ವರ್ಷಕ್ಕೆ ಊರಿಗೆ ಬರಲಿಲ್ಲವೆಂದು ಮುನಿಸಿಕೊಂಡೆಯಲ್ಲ, ಕೆಲಸವಿದೆ ಎಂದು ನಾನು ಬರೆದದ್ದು ಸುಳ್ಳು. ಆಸ್ಪತ್ರೆಯಲ್ಲಿದ್ದೆ. ಹೆದರಬೇಡ, ಈಗ ಗಟ್ಟಿಯಾಗಿದ್ದೇನೆ. ಇದೆಲ್ಲ ಶುರುವಾದದ್ದು ನನ್ನ ಒಂದು ತಪ್ಪಿನಿಂದ. ಸಾರ್ವಜನಿಕ ಸ್ನಾನಗೃಹದಲ್ಲಿ ಐದು ವರ್ಷ ಹೆಂಗಸರ ಮೈ ಉಜ್ಜಿದವಳಿಗೆ ಮುಖಕ್ಕಿಂತ ಹೊಟ್ಟೆಯ ಗುರುತು ಚೆನ್ನಾಗಿರುತ್ತದೆ. ಹೊಕ್ಕುಳ ಕೆಳಗೆ ಗೆರೆ ಕಂಡರೆ, ಹೆರಿಗೆಗೆ ಕೊಯ್ದದ್ದು ಎಂದುಕೊಳ್ಳುತ್ತೇವೆ. ನಾಮ್ ಟೀಚರ್ ಎಂಬುವರು ಬಂದಾಗ ನಾನೂ ಹಾಗೇ ಎಂದುಕೊಂಡು, ಮಗು ಶಾಲೆಗೆ ಹೋಗುತ್ತಾ ಎಂದು ಕೇಳಿಬಿಟ್ಟೆ. ಅವರು ಮಲಗಿದಲ್ಲೇ, ತಮಗೆ ಮಕ್ಕಳಿಲ್ಲ, ಅದು ಕಾಯಿಲೆಯ ಗೆರೆ ಎಂದರು. ಗರ್ಭಕೋಶದ ಒಳಪೊರೆಯಂಥದ್ದು ಹೊರಗೆ ಎಲ್ಲೆಲ್ಲೋ ಅಂಟಿ ಬೆಳೆದು, ತಿಂಗಳು ತಿಂಗಳು ಅದೂ ರಕ್ತ ಸುರಿಸುತ್ತದಂತೆ, ಹೊರಬರಲು ಅದಕ್ಕೆ ದಾರಿಯಿಲ್ಲವಂತೆ. ಅವರ ನೋವಿನ ಕಥೆ ಕೇಳುತ್ತಾ ನನ್ನ ಕೈ ನಿಂತುಹೋಯಿತು. ಅದು ನನ್ನದೇ ಕಥೆ, ಅಮ್ಮಾ.

ಹದಿಮೂರನೇ ವಯಸ್ಸಿನಿಂದ ನಾನು ಹೊಟ್ಟೆ ಹಿಡಿದು ಮಲಗುತ್ತಿದ್ದೆ. ನೀನು, "ಒಂದು ಹೆತ್ತರೆ ಎಲ್ಲಾ ಸರಿಹೋಗುತ್ತೆ, ನಾಟಕ ಸಾಕು ಏಳು" ಅನ್ನುತ್ತಿದ್ದೆ. ನೋವು ನಾಲ್ಕು ದಿನ ಇರುತ್ತಿತ್ತು. ಅದು ಬರುತ್ತದೆಂಬ ಭಯ ಉಳಿದ ದಿನಗಳನ್ನೆಲ್ಲ ತಿನ್ನುತ್ತಿತ್ತು. ನಿಜಕ್ಕೂ ನಾಟಕ ಆಡುತ್ತಿದ್ದೇನೇನೋ ಎಂದು ನನಗೇ ಅನುಮಾನ. ಯಾರು ನಗಿಸಿದರೂ ನಗು ಬರುತ್ತಿರಲಿಲ್ಲ. ಬದುಕೇ ಬೇಡ ಅನ್ನಿಸಿದ ತಿಂಗಳುಗಳೂ ಇದ್ದವು. ನಾಮ್ ಟೀಚರ್ ಹೇಳಿದ ಆಸ್ಪತ್ರೆಗೇ ಹೋದೆ. ಹೊಟ್ಟೆ ಕೊಯ್ದ ಮೇಲೆ ಅಲ್ಲಿನ ಡಾಕ್ಟರಮ್ಮ ಬಂದು, ಒಳಗೆ ಇಷ್ಟನ್ನು ಇಟ್ಟುಕೊಂಡು ಹೇಗೆ ಕೆಲಸ ಮಾಡಿದೆ ಎಂದು ಕೇಳಿದರು. ನಾನು ಅತ್ತುಬಿಟ್ಟೆ. ನೋವಿಗಲ್ಲ, ನಾನು ಸುಳ್ಳುಗಾತಿ ಅಲ್ಲವೆಂದು ಗೊತ್ತಾದದ್ದಕ್ಕೆ.

ಕೆಲಸಕ್ಕೆ ಮರಳಿದ ದಿನ ತಮಾಷೆ ನಡೆಯಿತು. ಮೈ ಉಜ್ಜುವಾಗ ನಾವು ತೊಡುವುದು ಒಳಬಟ್ಟೆ ಮಾತ್ರ, ಗೆರೆ ಮುಚ್ಚಿಡುವ ಹಾಗಿಲ್ಲ. ನಮ್ಮ ಹಳೆಯ ಗಿರಾಕಿ, ಮೀನು ಮಾರುವ ಗೂ ಅತ್ತೆ ಅದನ್ನೇ ನೋಡಿ, "ಏನೇ ಪಿಲ್ಸೂನ್, ಮಗೂನ ಯಾರ ಮನೇಲಿ ಬಚ್ಚಿಟ್ಟಿದ್ದೀಯ?" ಅಂದಳು. ಬಿಸಿನೀರಿನ ತೊಟ್ಟಿಯಲ್ಲಿದ್ದವರೆಲ್ಲ ನನ್ನ ಹೊಟ್ಟೆಯತ್ತ ತಿರುಗಿದರು. ಹಳೆಯ ಪಿಲ್ಸೂನ್ ಆಗಿದ್ದರೆ ಬಾಯ್ಲರ್ ಹಿಂದೆ ಅಡಗಿಕೊಂಡು ಅಳುತ್ತಿದ್ದಳು. ನಾನು ಅವಳ ಬೆನ್ನಿಗೆ ನೀರು ಸುರಿದು, "ಮಗು ಅಲ್ಲ ಅತ್ತೆ, ಕಾಯಿಲೆ. ಇಷ್ಟು ವರ್ಷ ನೀವೆಲ್ಲ ಸೋಮಾರಿತನ ಅಂತಿದ್ರಲ್ಲ, ಅದನ್ನ ಕೊಯ್ದು ತೆಗೆದ್ರು. ಈಗ ಆ ಕಡೆ ತಿರುಗಿ" ಅಂದೆ. ಅತ್ತೆ ತಿರುಗಿದಳು. ಹೋಗುವಾಗ ಬಾಗಿಲ ಹತ್ತಿರ ನಿಂತು, ಸೊಸೆಗೆ ಬೇಕೆಂದು ಮೆಲ್ಲಗೆ ಆಸ್ಪತ್ರೆಯ ವಿಳಾಸ ಕೇಳಿದಳು.

ನೋವು ಮತ್ತೆ ಬರಬಹುದಂತೆ. ಬಂದ ದಿನ, ಇವತ್ತು ನನ್ನಿಂದ ಆಗಲ್ಲ ಎಂದು ಸ್ನಾನಗೃಹದ ಯಜಮಾನಿಗೆ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ, ಅಮ್ಮಾ. ಇದು ಕಾಯಿಲೆ ಎಂದು ನಿನಗಾದರೂ ಯಾರು ಹೇಳಿದ್ದರು?

ಅಪ್ಪನ ಸಮಾಧಿಯ ಹುಲ್ಲು ಕೀಳುವಾಗ ನನ್ನ ಪರವಾಗಿಯೂ ಒಂದು ನಮಸ್ಕಾರ ಮಾಡು. ಬೆಚ್ಚಗಿರು.

ನಿನ್ನ ಮಗಳು,
ಪಿಲ್ಸೂನ್

ಮರೆತಿದ್ದೆ: ನಿನ್ನ ಹೋದ ಪತ್ರದಲ್ಲಿ, "ಮಿರಾನ್ ತಿಂಗಳಿಗೆ ಮೂರು ದಿನ ನೆಪ ಹೇಳಿ ಶಾಲೆ ತಪ್ಪಿಸುತ್ತಾಳೆ, ಅಕ್ಕನಂತೆ ಸೋಮಾರಿ" ಎಂದಿತ್ತು. ನೀನು ಹೇಳಿದ್ದನ್ನು ಅವಳೇ ತನ್ನ ಮುದ್ದಾದ ಅಕ್ಷರದಲ್ಲಿ ಬರೆದಿದ್ದಾಳೆ. ಅವಳನ್ನು ಶನಿವಾರದ ಬಸ್ಸಿಗೆ ಹತ್ತಿಸು. ಸೋಮವಾರ ಡಾಕ್ಟರಮ್ಮನ ಹತ್ತಿರ ಕರೆದೊಯ್ಯುತ್ತೇನೆ, ಮಾತಾಡಿಯಾಗಿದೆ. ಇನ್ನೊಂದು ಹಾಸಿಗೆಯನ್ನು ಬೆಳಿಗ್ಗೆಯೇ ತಾರಸಿಯ ಬಿಸಿಲಿಗೆ ಹಾಕಿ ಬಂದೆ.