ನಲವತ್ತೊಂದನೇ ಕೊಳವೆ

ಮಾರ್ಚ್ 3, ಸೋಮವಾರ

ಸ್ಯಾಂಪಲ್ ಹದಿನೇಳು. ಸಮುದ್ರತಳದ ಕೆಸರಿನಿಂದ ಮುನ್ನೂರು ಚಿಪ್ಪು ಬೇಕು, ಸಿಕ್ಕಿದ್ದು ಇನ್ನೂರ ಎಂಬತ್ತು. ಉಳಿದ ಇಪ್ಪತ್ತಕ್ಕಾಗಿ ಇಡೀ ಮಧ್ಯಾಹ್ನ ಟ್ರೇ ಜಾಲಾಡಿದೆ. ಸಾಸಿವೆ ಕಾಳಿಗಿಂತ ಎಷ್ಟೋ ಚಿಕ್ಕವು. ಕುಂಚದ ತುದಿಯನ್ನು ನಾಲಿಗೆಗೆ ತಾಗಿಸಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಒಂದೊಂದೇ ಎತ್ತಿಡುವುದು. ನಾಲಿಗೆಗೆ ತಾಗಿಸಬಾರದೆಂದು ಗೋಡೆಯ ಮೇಲೆ ಬೋರ್ಡು ಇದೆ. ನಾನು ಸೇರಿದಾಗಿನಿಂದಲೂ ಇದೆ. ಬೋರ್ಡೂ ನಾನೂ ಒಬ್ಬರ ಮಾತನ್ನೊಬ್ಬರು ಕೇಳುವುದಿಲ್ಲ.

ಮೀಸೆ ಮೂರು ಸಲ ಬಂದು ಇಣುಕಿದ. ಸಂಶೋಧನೆ ಅವನದು, ಎಣಿಕೆ ನನ್ನದು. ಎಂಟು ವರ್ಷದಿಂದ ಈ ಸಮುದ್ರ ಸಂಸ್ಥೆಯಲ್ಲಿ ಸಂಶೋಧಕ, ಇನ್ನೂ ಕಾಂಟ್ರ್ಯಾಕ್ಟು.

"ಅಕ್ಕ, ಎಲ್ಲಿಗ್ ಬಂತು?"

"ನೀನು ಬಂದಾಗೆಲ್ಲ ಎಣಿಕೆ ತಪ್ಪುತ್ತೆ. ಹೋಗು."

ಹೋದ. ಹತ್ತು ನಿಮಿಷಕ್ಕೆ ಟೀ ಹಿಡಿದುಕೊಂಡು ಮತ್ತೆ ಬಂದ. ಇಪ್ಪತ್ತನೇ ತಾರೀಖು ಅವನ ಇಂಟರ್‌ವ್ಯೂ. ಒಂದೇ ಒಂದು ಪರ್ಮನೆಂಟ್ ಹುದ್ದೆ. ಇದೂ ತಪ್ಪಿದರೆ ವಯಸ್ಸು ಮೀರುತ್ತದೆ, ಮುಂದೆ ಅರ್ಜಿ ಹಾಕುವ ಹಾಗೂ ಇಲ್ಲ.

ಮಾರ್ಚ್ 4, ಮಂಗಳವಾರ

ಪತ್ರಿಕೆಯ ತುಂಡನ್ನು ನೋಟಿಸ್ ಬೋರ್ಡಿಗೆ ಹಾಕಿದ್ದಾರೆ. "ಸಮುದ್ರ ತಾನೇ ಸರಿಹೋಗುತ್ತದೆ" — ದಪ್ಪ ಅಕ್ಷರ, ಮೀಸೆಯ ಫೋಟೋ. ಅವನು ಹೇಳಿದ್ದು ಅಷ್ಟು ಸಲೀಸಾಗಿ ಅಲ್ಲ. ಐದೂವರೆ ಕೋಟಿ ವರ್ಷಕ್ಕೂ ಹಿಂದೆ ಭೂಮಿ ಕಾದಿತ್ತು. ಧ್ರುವದ ಸಮುದ್ರವೂ ಸ್ನಾನದ ನೀರಿನ ಹಾಗೆ ಉಗುರು ಬೆಚ್ಚಗಾಯಿತು, ಹುಳಿಯಾಯಿತು, ತಳದ ಚಿಪ್ಪಿನ ಜೀವಿಗಳು ಕರಗಿಹೋದವು. ಇದು ಎಲ್ಲರಿಗೂ ಗೊತ್ತಿರುವುದೇ. ಮೀಸೆಯ ಹೊಸ ಮಾತು: ಬೇರೆ ಸಮುದ್ರಗಳು ಥಟ್ಟನೆ ಕೆಟ್ಟು ನಿಧಾನ ಸುಧಾರಿಸಿದರೆ, ಧ್ರುವ ಸಮುದ್ರ ನಿಧಾನ ಕೆಟ್ಟು ಥಟ್ಟನೆ ಸುಧಾರಿಸಿತು.

ಅದಕ್ಕೆ ಸಾಕ್ಷಿ ಒಂದೇ ಕೊಳವೆ ಕೆಸರು. ಸಮುದ್ರದ ತಳ ಕೊರೆದು ತೆಗೆದದ್ದು, ನಂಬರ್ ನಲವತ್ತೊಂದು. ಅದರಲ್ಲಿ ಕೆಳಗಿನ ಕೆಸರು ಹಳೆಯದು, ಮೇಲಿನದು ಹೊಸದು. ಅವನ ಸಂಶೋಧನಾ ಲೇಖನ ಪರಿಶೀಲಿಸಿದವರು ಇನ್ನೂ ಒತ್ತೊತ್ತಾಗಿ ಸ್ಯಾಂಪಲ್ ತೆಗೆದು ತೋರಿಸಿ ಅಂದಿದ್ದಾರೆ. ಅಂದರೆ ನನ್ನ ಕುತ್ತಿಗೆಗೆ ಬಂತು.

ಮಾರ್ಚ್ 6, ಗುರುವಾರ

ಕೋಲ್ಡ್ ರೂಮಿನಿಂದ ನಲವತ್ತೊಂದನ್ನು ಹೊರಗೆ ತಂದೆ. ಒಂದೂವರೆ ಮೀಟರ್, ಉದ್ದಕ್ಕೆ ಸೀಳಿಟ್ಟದ್ದು. ಮೇಲ್ತುದಿಗೆ ನೀಲಿ ಮುಚ್ಚಳ, ಕೆಳತುದಿಗೆ ಬಿಳಿ, ಪಕ್ಕದಲ್ಲಿ ಮೇಲ್ಮುಖದ ಬಾಣ. ಎಲ್ಲ ಕೊಳವೆಗೂ ಅದೇ ನಿಯಮ.

ಅರವತ್ಮೂರನೇ ಸೆಂಟಿಮೀಟರಿನಲ್ಲಿ ಮರಳಿನ ಒಂದು ಗೆರೆ. ಅರ್ಧ ಬೆರಳು ದಪ್ಪ. ಇಷ್ಟು ದಿನ ಅದರ ಆಚೀಚೆ ಸ್ಯಾಂಪಲ್ ತೆಗೆದಿದ್ದೆವು, ಅದನ್ನು ಮುಟ್ಟಿರಲಿಲ್ಲ. ಇವತ್ತು ಲೆನ್ಸ್ ಇಟ್ಟೆ. ದಪ್ಪ ಕಾಳು ಮೇಲೆ, ಸಣ್ಣ ಕಾಳು ಕೆಳಗೆ.

ಬೇಳೆ ತೊಳೆಯುವವರಿಗೆಲ್ಲ ಗೊತ್ತು, ಕಲ್ಲು ತಳಕ್ಕೆ ಹೋಗುತ್ತದೆ. ನೀರಿನಲ್ಲಿ ಭಾರದ್ದು ಮೊದಲು ಕೂರುತ್ತದೆ. ಇಲ್ಲಿ ತಿರುಗಾಮುರುಗಾ.

ಮೂರು ಸಲ ನೋಡಿದೆ. ಆಮೇಲೆ ಬಾಣವನ್ನು ನೋಡಿದೆ. ತುದಿಯಲ್ಲಿ ಸಣ್ಣ ಕೊಕ್ಕೆ. ನಾನು ಬಾಣ ಬರೆಯುವುದೇ ಹಾಗೆ.

ಕೊಳವೆ ವಾಪಸ್ ಇಟ್ಟೆ. ತಲೆನೋವು ಎಂದು ಬೇಗ ಮನೆಗೆ ಬಂದೆ.

ಮಾರ್ಚ್ 7, ಶುಕ್ರವಾರ

ರಜೆ. ಅಟ್ಟದಿಂದ ಟ್ರಂಕ್ ಇಳಿಸಿದೆ. ಹತ್ತೊಂಬತ್ತು ವರ್ಷದ ಹಿಂದಿನ ದಿನಚರಿ, ಕೆಲಸಕ್ಕೆ ಸೇರಿದ ಎರಡನೇ ತಿಂಗಳು. ಹಾಗೇ ಇಳಿಸಿಕೊಳ್ಳುತ್ತೇನೆ:

"ಹಡಗಿನಿಂದ ಕೊಳವೆಗಳು ಬಂದವು. ಅರವತ್ತು. ನಲವತ್ತೊಂದರ ಎರಡೂ ಮುಚ್ಚಳ ಕಳಚಿ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದವು. ಮೇಲಿನ ಬರಹ ನೀರಿಗೆ ಅಳಿಸಿದೆ. ಯಾವ ಕಡೆ ತಲೆ, ಗೊತ್ತಾಗಲಿಲ್ಲ. ಕುಕ್ಕರನ್ನು ಕೇಳಬೇಕಿತ್ತು. ನಿನ್ನೆ ಏನೋ ಕೇಳಿದ್ದಕ್ಕೆ ಇಷ್ಟೂ ಗೊತ್ತಿಲ್ಲದವಳು ಯಾಕೆ ಬಂದೆ ಎಂದು ಎಲ್ಲರೆದುರು ಕೂಗಾಡಿದ. ಕೇಳಲಿಲ್ಲ. ಅಂದಾಜಿನ ಮೇಲೆ ನೀಲಿ ಹಾಕಿದೆ, ಬಾಣವನ್ನೂ ಬರೆದೆ. ಸರಿ ಇರುತ್ತದೆ ಬಿಡು."

ಸರಿ ಇರುತ್ತದೆ ಬಿಡು. ಕೆನ್ನೆಗೆ ಬಾರಿಸಬೇಕು ಆ ಹುಡುಗಿಗೆ.

ಕುಕ್ಕರ್ ಆಗ ನಮ್ಮ ವಿಭಾಗದ ಮುಖ್ಯಸ್ಥ. ಈಗ ಡೈರೆಕ್ಟರು. ಬೈಯುವ ಮುಂಚೆ ಮೂಗಿನಲ್ಲಿ ಸಿಳ್ಳೆ ಬರುತ್ತದೆ, ಆಗಲೂ ಈಗಲೂ.

ಮಾರ್ಚ್ 8, ಶನಿವಾರ

ಇವರು ಹೊಲಿಗೆ ಅಂಗಡಿ ಮುಚ್ಚಿ ಬಂದರು. ಊಟಕ್ಕೆ ಕೂತಾಗ ಹೇಳಿದೆ — ಒಂದು ಕೊಳವೆ ತಲೆಕೆಳಗಾಗಿದೆ, ಯಾರಿಗೂ ಗೊತ್ತಾಗಿಲ್ಲ.

"ಅಷ್ಟೇ ತಾನೆ? ತಿರುಗಿಸಿ ಇಟ್ಕೊಳ್ಳಿ."

"ಅದರ ಮೇಲೆ ಒಬ್ಬನ ಕೆಲಸ ನಿಂತಿದೆ ರೀ."

ಕೊಳವೆ ತಿರುಗಿಸಿದರೆ ಕಥೆಯೂ ತಿರುಗುತ್ತದೆ. ಧ್ರುವ ಸಮುದ್ರವೂ ಉಳಿದವುಗಳ ಹಾಗೇ. ಥಟ್ಟನೆ ಸತ್ತಿತು. ಚೇತರಿಸಿಕೊಳ್ಳಲು ಲಕ್ಷಕ್ಕೂ ಮಿಕ್ಕಿ ವರ್ಷ ಹಿಡಿಯಿತು. ಪತ್ರಿಕೆಯಲ್ಲಿ ಬಂದದ್ದು ಸುಳ್ಳು, ಮೀಸೆಯ ಹೊಸ ಮಾತು ಗಾಳಿಗೆ.

ಇವರು ತಟ್ಟೆಯಿಂದ ತಲೆ ಎತ್ತಿದರು. "ಯಾರ್ ಮಾಡಿದ್ದು?"

"ಹಳೇದು. ಯಾರೋ."

"ಆಗ ನೀನು ಇದ್ಯಲ್ಲ."

ಇನ್ನೂ ಸ್ವಲ್ಪ ಬಡಿಸಿದೆ. ಅಟ್ಟದ ಏಣಿ ಇನ್ನೂ ಅಲ್ಲೇ ನಿಂತಿತ್ತು. ಅವರು ಅದನ್ನೂ ನೋಡಿದರು.

ಮಾರ್ಚ್ 12, ಬುಧವಾರ

ಹೇಳಿಬಿಟ್ಟೆ. ಅರ್ಧ.

ಮೀಸೆಯನ್ನು ಕರೆದು ಲೆನ್ಸ್ ಕೈಗೆ ಕೊಟ್ಟೆ. ಮರಳಿನ ಗೆರೆ ತೋರಿಸಿದೆ. ಬಗ್ಗಿ ನೋಡಿದ. ತುಂಬ ಹೊತ್ತು ಬಗ್ಗಿಯೇ ಇದ್ದ. ಆಮೇಲೆ ಸ್ಟೂಲು ಎಳೆದುಕೊಂಡು ಕೂತ.

"ಎಷ್ಟು ಜನಕ್ಕೆ ಗೊತ್ತು ಅಕ್ಕ?"

"ಇಲ್ಲಿ ನಿನಗೆ, ನನಗೆ."

"ಇಪ್ಪತ್ತನೇ ತಾರೀಖು ದಾಟ್ಲಿ. ಆಮೇಲ್ ನಾನೇ ಹೇಳ್ತೀನಿ. ಎಂಟು ದಿನ. ಅಷ್ಟೇ."

"ನಿನ್ನಿಷ್ಟ."

ಬಾಗಿಲ ತನಕ ಹೋದವನು ತಿರುಗಿದ. "ಯಾರ್ ಹಾಕಿದ್ರೋ ಆ ಮುಚ್ಚಳ. ಅವರ ಮನೆ ಹಾಳಾಗ."

ನನ್ನ ಮನೆ ಚೆನ್ನಾಗಿಯೇ ಇದೆ. ಅಡುಗೆಮನೆಯ ನಲ್ಲಿ ಮಾತ್ರ ಸೋರುತ್ತದೆ. ಬಾಯಿ ಬಿಡಲು ಹೆದರಿದೆ, ಇಷ್ಟೇ ವಿಷಯ. ಹತ್ತೊಂಬತ್ತು ವರ್ಷದ ಹಿಂದೆ ಕೇಳಲು ಹೆದರಿದೆ, ಇವತ್ತು ಹೇಳಲು.

ಮಾರ್ಚ್ 19, ಬುಧವಾರ

ಒಂದು ವಾರ ಬರೆದಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ. ಚಿಪ್ಪು ಎಣಿಸಿದೆ. ತಲೆಕೆಳಗಾದ ಕೊಳವೆಯ ಸ್ಯಾಂಪಲ್ಲುಗಳಿಗೆ ಸರಿಯಾಗಿ ನಂಬರ್ ಹಾಕಿದೆ... ಎಂಥ ಕೆಲಸ ಇದು.

ಮೀಸೆ ನನ್ನ ಕಡೆ ನೋಡದೆ ಓಡಾಡುತ್ತಿದ್ದಾನೆ. ಸಂಜೆ ಒಂದು ಟೈ ತಂದು ತೋರಿಸಿದ, ನಾಳೆಗೆ.

"ಹೇಗಿದೆ ಅಕ್ಕ?"

"ಮೀಸೆಗೆ ಹೊಂದುತ್ತೆ."

ನಕ್ಕ. ಒಂದು ವಾರದಲ್ಲಿ ಮೊದಲ ಸಲ.

ಮಾರ್ಚ್ 20, ಗುರುವಾರ

ಹನ್ನೊಂದಕ್ಕೆ ಒಳಗೆ ಹೋದ. ಹನ್ನೆರಡಕ್ಕೆ ಮೆಟ್ಟಿಲು ಇಳಿದು ಬಂದ. ಟೈ ಜೇಬಿನಲ್ಲಿತ್ತು. ನೇರವಾಗಿ ನನ್ನ ಮೇಜಿಗೆ ಬಂದು ಕೂತ.

"ಹೇಳ್ಬಿಟ್ಟೆ ಅಕ್ಕ."

"ಏನು?"

"ಕೊಳವೆ ತಲೆಕೆಳಗಿದೆ ಅಂತ."

"ಆಮೇಲ್ ಹೇಳ್ತೀನಿ ಅಂದಿದ್ಯಲ್ಲೋ."

"ಸುಳ್ಳು ಹೇಳೋಕೇ ಹೋಗಿದ್ದೆ. ಡೈರೆಕ್ಟರು ಆ ಪತ್ರಿಕೆ ತುಂಡು ಎತ್ತಿ ಎಲ್ರಿಗೂ ಓದಿ ಹೇಳಿದ್ರು. ಸಮುದ್ರ ತಾನೇ ಸರಿಹೋಗುತ್ತೆ ಅಂತ ಹೇಳೋದಕ್ಕೆ ನಮಗೆ ಇಂಥೋರೇ ಬೇಕು ಅಂದ್ರು. ನನ್ ಬಾಯಿಂದ ಹೂಂ ಅನ್ನೋಕಾಗ್ಲಿಲ್ಲ."

ಟೀ ತರಿಸಿದೆ. ಕುಡಿಯಲಿಲ್ಲ.

ಕುಕ್ಕರ್ ಕೇಳಿದ್ದು: ಮುಚ್ಚಳ ಯಾರು ಹಾಕಿದ್ದು? ಮೀಸೆ ಹೇಳಿದ್ದು: ಯಾವ ರಿಜಿಸ್ಟರಿನಲ್ಲೂ ಇಲ್ಲ. ಕುಕ್ಕರ್ ಅಂದದ್ದು: ಹಾಗಾದರೆ ನೀವೇ ಮೊದಲು ಪರೀಕ್ಷಿಸಬೇಕಿತ್ತು, ಎಂಟು ವರ್ಷವಾದರೂ ಕೊಳವೆಯ ತಲೆ ಯಾವುದು ಕಾಲು ಯಾವುದು ಎಂದು ನೋಡದವರಿಗೆ ಹುದ್ದೆ ಹೇಗೆ ಕೊಡುವುದು? ನಾಳೆ ಒಂಬತ್ತಕ್ಕೆ ಪಟ್ಟಿಗೆ ಸಹಿ. ಇವನ ಹೆಸರು ಇರುವುದಿಲ್ಲ.

"ಯಾರು ಕಂಡುಹಿಡಿದಿದ್ದು ಅಂತ್ಲೂ ಕೇಳಿದ್ರು. ನಿಮ್ ಹೆಸರು ಹೇಳ್ದೆ. ನಿಮಗೆ ಪ್ರಶಂಸಾ ಪತ್ರ ಕೊಡ್ತಾರಂತೆ ಅಕ್ಕ."

ವ್ಯಂಗ್ಯ ಇರಲಿಲ್ಲ ಅವನ ದನಿಯಲ್ಲಿ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಎಲ್ಲಿಲ್ಲದ ನಾಚಿಕೆಯಾಯಿತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಎದ್ದು ಹೋಗಿದ್ದ.

ಸಂಜೆ ಇವರಿಗೆ ಎಲ್ಲ ಹೇಳಿದೆ, ಪೂರ್ತಿ. ಸೂಜಿಗೆ ದಾರ ಪೋಣಿಸುತ್ತಿದ್ದರು. ಪೋಣಿಸಿ ಮುಗಿಸಿ, "ಅವತ್ತೇ ಗೊತ್ತಾಯ್ತು ನಂಗೆ. ಏಣಿ ಒಳಗಿಡೋದು ಮರೆತಿದ್ದೆ ನೀನು" ಅಂದರು.

"ಕೆಲಸ ಹೋದ್ರೆ?"

"ಕಾಜಾ ಹೊಲಿಯೋಕೆ ಬಾ. ನಿನ್ ಕಣ್ಣು ಚುರುಕಾಗಿದೆ."

ಮಾರ್ಚ್ 21, ಶುಕ್ರವಾರ, ಬೆಳಿಗ್ಗೆ 8.40

ಡೈರೆಕ್ಟರ ಕೋಣೆಯ ಹೊರಗೆ ಬೆಂಚು. ಹಳೆಯ ದಿನಚರಿ ಚೀಲದಲ್ಲಿದೆ. ಆ ಒಂದು ಪುಟ ಹರಿದು ತರಬಹುದಿತ್ತು. ಬಿಡಿ ಹಾಳೆಯನ್ನು ಯಾರಾದರೂ ಇವತ್ತು ಬರೆದದ್ದು ಎಂದಾರು. ಹಿಂದಿನ ದಿನ, ಮುಂದಿನ ದಿನ ಎಲ್ಲ ಇರಲಿ ಎಂದು ಇಡೀ ಪುಸ್ತಕವನ್ನೇ ತಂದೆ. ಕುಕ್ಕರ್ ಎಂಬ ಹೆಸರು ಪುಟಪುಟಕ್ಕೂ ಇದೆ. ಓದಲಿ. ಆ ದಿನ ಯಾಕೆ ಕೇಳಲಿಲ್ಲ ಅನ್ನುವುದೂ ಅಲ್ಲೇ ಇದೆ.

ಅಕ್ಷರ ನೆಟ್ಟಗೆ ಬರುತ್ತಿಲ್ಲ. ಮುನ್ನೂರು ಚಿಪ್ಪು ಎತ್ತಿಡುವ ಕೈ.

8.50

ಕಾರ್ಯದರ್ಶಿ ಹೊರಗೆ ಬಂದಳು. "ಪ್ರಶಂಸಾ ಪತ್ರಕ್ಕಾ ಮೇಡಂ? ಇನ್ನೂ ಟೈಪ್ ಆಗಿಲ್ಲ."

ಅಲ್ಲ ಅಂದೆ. ಸಹಿಗೆ ಮುಂಚೆ ಎರಡು ನಿಮಿಷ ಸಾಕು ಅಂದೆ. ಕೇಳಿ ಬರುತ್ತೇನೆಂದು ಒಳಗೆ ಹೋಗಿದ್ದಾಳೆ. ಬಾಗಿಲು ಅರ್ಧ ತೆರೆದಿದೆ, ಮೂಗಿನ ಸಿಳ್ಳೆ ಇಲ್ಲಿಗೇ ಕೇಳುತ್ತದೆ.

ಹೇಳಬೇಕಾದದ್ದನ್ನು ಒಂದು ಸಲ ಇಲ್ಲಿ ಬರೆದುಕೊಂಡುಬಿಡುತ್ತೇನೆ, ಒಳಗೆ ಹೋದ ಮೇಲೆ ನಾಲಿಗೆ ತೊದಲಬಾರದು — ಸರ್, ನಲವತ್ತೊಂದಕ್ಕೆ ಆ ನೀಲಿ ಮುಚ್ಚಳ ಹಾಕಿದ್ದು —